ಯಾರೂ ಇಲ್ಲದ ಬೀದಿಯ ದೀಪ

ಕಳೆದ ಮಳೆಗಾಲದ ಒಂದು ರಾತ್ರಿ ನಾನು ದೀಪದ ಕಂಬವೊಂದಕ್ಕೆ ಕೊಡೆ ಬೀಸುತ್ತ ನಿಂತಿದ್ದೆ. ಕಂಡವರು ಏನೆಂದುಕೊಂಡರೋ ತಿಳಿಯದು. ಮಂಗಳೂರಿನ ಗುಡ್ಡವೊಂದರ ಇಳಿಜಾರಿನಲ್ಲಿ ಹೊಸದಾಗಿ ಎದ್ದ ಮನೆಗಳ ಸಾಲು. ಅಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಊಟ ಮುಗಿಸಿ, ರಿಕ್ಷಾ ಬರಲೆಂದು ಗೇಟಿನ ಹೊರಗೆ ಬಂದು ನಿಂತಿದ್ದೆ. ಮಳೆ ಸ್ವಲ್ಪ ಹೊಳವಾಗಿತ್ತು. ನಾನು ಕಂಬದ ಬುಡಕ್ಕೆ ಬರುತ್ತಲೇ ದೀಪ ಝಗ್ಗನೆ ಹೊತ್ತಿಕೊಂಡಿತು. ರಾಜಮರ್ಯಾದೆ! ಮನಸ್ಸಿಗೆ ಹಿತವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಅರೆ ನಿಮಿಷ ಕಳೆಯುವುದರೊಳಗೆ ಅದು ಆರಿಹೋಯಿತು. ಎರಡು ಹೆಜ್ಜೆ ಹಾಕಿದೆ, ಹೊತ್ತಿತು. ನಿಂತೆ, ಆರಿತು. ವಯಸ್ಸಾದವನು ರಾತ್ರಿ ಹತ್ತೂವರೆಯ ಹೊತ್ತಿಗೆ ರಸ್ತೆಯ ಮೇಲೆ ಕುಣಿಯುವುದು ಸರಿಯಲ್ಲವೆಂದು ಕೊಡೆಯನ್ನು ಮಡಚಿ ಬೀಸತೊಡಗಿದೆ.

ಗೇಟಿನ ಕಾವಲುಗಾರರು ಕತ್ತಲೆಯೊಳಗಿನಿಂದಲೇ ನಕ್ಕರು. ಅವರು ಅಲ್ಲಿ ಕುಳಿತಿರುವುದು ನನಗೆ ಅದುವರೆಗೆ ಗೊತ್ತೇ ಆಗಿರಲಿಲ್ಲ. "ಎಂತ ಮಾಡುದು ಮಾರಾಯ್ರೆ, ಅದಕ್ಕೆ ಅಲ್ಲಾಡುವವರು ಮಾತ್ರ ಕಾಣುದು. ನಾನು ಈ ಕುರ್ಚಿಯಲ್ಲಿ ಕೂತ್ರೆ ನಾನೂ ಇಲ್ಲ" ಎಂದರು.

ನಾನೂ ಇಲ್ಲ! ರಿಕ್ಷಾ ಬಂತು, ಮನೆಗೆ ಬಂದೆ, ಮಲಗಿದೆ. ಆ ಮಾತು ಮಾತ್ರ ಎಚ್ಚರವಾಗಿಯೇ ಇತ್ತು.

ಆ ದೀಪದ ಮೇಲೆ ದೂರು ಹೇಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಅದು ಖಾಸಗಿಯವರ ಬೀದಿ, ಅವರ ದೀಪ, ಅವರ ಬಿಲ್ಲು. ಆದರೆ ಇಂಥ ದೀಪಗಳು ಜಗತ್ತಿನ ಅನೇಕ ಪಟ್ಟಣಗಳ ಸಾರ್ವಜನಿಕ ಬೀದಿಗಳಿಗೂ ಬಂದಿವೆ. ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿಯ ಪಟ್ಟಿಗೆ ಸೇರಿತು. ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿ, ಅವನ್ನು ಒಂದೇ ಕಡೆಯಿಂದ ಹತೋಟಿಯಲ್ಲಿಡುವ ಯೋಜನೆಯೂ ಅದರೊಂದಿಗೆ ಬಂತು. ಹತೋಟಿ ಕೈಗೆ ಬಂದಮೇಲೆ, ಎಷ್ಟು ಹೊತ್ತಿಗೆ ಎಷ್ಟು ಬೆಳಕು ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಯಾರೂ ಇಲ್ಲದ ಬೀದಿಯಲ್ಲಿ ದೀಪ ಏಕೆ ಉರಿಯಬೇಕು? ಮೇಲ್ನೋಟಕ್ಕೆ ಇದು ಎಂಜಿನಿಯರರ ಪ್ರಶ್ನೆ. ಆದರೆ 'ಯಾರೂ ಇಲ್ಲ' ಎಂದು ತೀರ್ಮಾನಿಸುವವರು ಯಾರು ಎಂದು ಕೇಳಿದೊಡನೆ ಅದು ನಮ್ಮ ನಿಮ್ಮ ಪ್ರಶ್ನೆಯಾಗುತ್ತದೆ.

ಮೊದಲು ಎಂಜಿನಿಯರರ ಮಾತನ್ನು ಕೇಳೋಣ. ಹೊತ್ತು ನೋಡಿ ಬೆಳಕನ್ನು ಹಿಡಿಯುವುದು ಹೊಸ ಕಲ್ಪನೆಯೇನಲ್ಲ. ಎಣ್ಣೆಯ ದೀಪಗಳ ಕಾಲದಲ್ಲಿ ಬೆಳದಿಂಗಳ ರಾತ್ರಿಗಳಂದು ಬೀದಿದೀಪ ಹಚ್ಚದಿರುವ ಪದ್ಧತಿ ಲೋಕದ ಹಲವು ಊರುಗಳಲ್ಲಿತ್ತು. ಪಂಚಾಂಗದಲ್ಲಿ ಚಂದ್ರನಿದ್ದರೆ ಸಾಕು. ಮೋಡದ ಹಿಂದೆ ಅವನು ಅಡಗಿದ್ದರೆ ಜನ ಎಡವಿಕೊಂಡೇ ಮನೆ ಸೇರಬೇಕು. ಆಮೇಲೆ ವಿದ್ಯುತ್ತು ಬಂತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿ ಹೊತ್ತಿದ ಬೀದಿದೀಪಕ್ಕೆ ಶಿವನಸಮುದ್ರದ ಕಾವೇರಿ ಬೆಳಕು ಕೊಟ್ಟಳು. ನಮ್ಮ ಕಾಲದಲ್ಲಿ ಬೀದಿಬೀದಿಗಳನ್ನು ಅರಸಿನ ಬಣ್ಣಕ್ಕೆ ತಿರುಗಿಸಿದ ಸೋಡಿಯಂ ದೀಪಗಳು ಮಾತ್ರ ಹಟಮಾರಿಗಳು. ಒಮ್ಮೆ ಆರಿದರೆ ತಣಿದು ಮತ್ತೆ ಹೊತ್ತಿಕೊಂಡು ಪೂರ್ತಿ ಬೆಳಗಲು ಕೆಲವು ನಿಮಿಷಗಳೇ ಬೇಕು. ಅಷ್ಟರಲ್ಲಿ ದಾರಿಹೋಕ ಮನೆ ತಲುಪಿ ಕೈಕಾಲು ತೊಳೆದಿರುತ್ತಾನೆ. ಎಲ್‌ಇಡಿ ಹಾಗಲ್ಲ. ಕಣ್ಣು ಮಿಟುಕಿಸುವುದರೊಳಗೆ ಏರುತ್ತದೆ, ಇಳಿಯುತ್ತದೆ; ಇಳಿದಷ್ಟಕ್ಕೆ ಸರಿಯಾಗಿ ವಿದ್ಯುತ್ತೂ ಉಳಿಯುತ್ತದೆ. 250 ವ್ಯಾಟಿನ ಸೋಡಿಯಂ ದೀಪ ಇದ್ದಲ್ಲಿ 120 ವ್ಯಾಟಿನ ಆಸುಪಾಸಿನ ಎಲ್‌ಇಡಿ ಸಾಕಾಗುತ್ತದೆ. 2015ರ ಜನವರಿ 5ರಂದು ಆರಂಭವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದಲ್ಲಿ 1 ಕೋಟಿ 30 ಲಕ್ಷಕ್ಕೂ ಹೆಚ್ಚು ದೀಪಗಳು ಬದಲಾದವು. ದೊಡ್ಡ ಉಳಿತಾಯವೆಲ್ಲ ಇಲ್ಲಿಯೇ ಇದೆ. ಉಳಿದದ್ದು ಇದರ ಮೇಲಿನ ಮಾತು.

ಈ ಮೇಲಿನ ಮಾತನ್ನು ಒಂದು ಕಂಬಕ್ಕೆ ಲೆಕ್ಕ ಹಾಕಿ ನೋಡೋಣ. ಓದುಗರು ಬೇಸರಪಡಬಾರದು, ನನ್ನ ವಾದವೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. 100 ವ್ಯಾಟಿನ ಒಂದು ಎಲ್‌ಇಡಿ ದೀಪ. ನಮ್ಮೂರಿನ ರಾತ್ರಿ ಸರಾಸರಿ 12 ಗಂಟೆ. ಪೂರ್ತಿ ಉರಿದರೆ ರಾತ್ರಿಗೆ 1.2 ಯೂನಿಟ್. ಹನ್ನೊಂದರಿಂದ ಬೆಳಗಿನ ಐದರವರೆಗೆ ಅರ್ಧಕ್ಕೆ ಇಳಿಸಿದರೆ 0.3 ಯೂನಿಟ್ ಉಳಿಯಿತು, ಅಂದರೆ ಕಾಲು ಭಾಗ. ಇದಕ್ಕೆ ಗಡಿಯಾರವೊಂದೇ ಸಾಕು, ಸೆನ್ಸರ್ ಬೇಡ. ಈಗ ಸೆನ್ಸರ್ ಹಾಕಿ, ಜನ ಇಲ್ಲದಾಗ ನೂರಕ್ಕೆ ಮೂವತ್ತು, ಬಂದಾಗ ಪೂರ್ತಿ ಎಂದು ಮಾಡಿ. ಆ ಆರು ಗಂಟೆಗಳಲ್ಲಿ ಜನಸಂಚಾರ ಎಲ್ಲ ಕೂಡಿ ಒಂದು ಗಂಟೆಯೆಂದು ಹಿಡಿಯಿರಿ. ಆರು ಗಂಟೆಗೆ 0.25 ಯೂನಿಟ್ ಆಯಿತು. ಗಡಿಯಾರದ ಲೆಕ್ಕದಲ್ಲಿ 0.3 ಆಗಿತ್ತು. ಸೆನ್ಸರಿನಿಂದ ಬಂದ ಹೆಚ್ಚಿನ ಲಾಭ 0.05. ಅದರಲ್ಲಿ ಸೆನ್ಸರ್ ತಾನೇ ಸ್ವಲ್ಪ ತಿನ್ನುತ್ತದೆ. ಒಂದೇ ವ್ಯಾಟ್ ಎಂದರೂ ಹಗಲು ರಾತ್ರಿ ಸೇರಿ 0.024. ಇನ್ನು ಕೊನೆಯ ಹೆಜ್ಜೆ: ಜನ ಇಲ್ಲದಾಗ ಮೂವತ್ತೂ ಬೇಡ, ಪೂರ್ತಿ ಆರಿಸಿಬಿಡಿ. ಆಗ ಖರ್ಚು 0.1ಕ್ಕೆ ಇಳಿಯುತ್ತದೆ. ಮಂದಬೆಳಕಿಗೂ ಕತ್ತಲೆಗೂ ನಡುವಣ ಅಂತರ, ಒಂದು ಕಂಬಕ್ಕೆ ಒಂದು ರಾತ್ರಿಗೆ, 0.15 ಯೂನಿಟ್. ದರ ಏಳು ರೂಪಾಯಿ ಎಂದು ಹಿಡಿದರೆ ಒಂದು ರೂಪಾಯಿ ಐದು ಪೈಸೆ.

ಒಂದು ರೂಪಾಯಿಗಾಗಿ ಇಷ್ಟು ಮಾತೇ ಎನ್ನಬೇಡಿ. ಹತ್ತು ಸಾವಿರ ಕಂಬಗಳಿದ್ದರೆ ವರ್ಷಕ್ಕೆ 38 ಲಕ್ಷ ರೂಪಾಯಿ ದಾಟುತ್ತದೆ. ಆ ದುಡ್ಡು ಪುರಜನರದು. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಬಾಬತ್ತು ಬಿಲ್ಲಿನಲ್ಲಿ ಕಾಣಿಸುವುದೇ ಇಲ್ಲ. ನಮ್ಮ ಪಕ್ಕದ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ಹಡಗಿನಲ್ಲಿ ಬಂದ ವಿದೇಶೀ ಕಲ್ಲಿದ್ದಲನ್ನು ಸುಡುವಂಥದು. ಬೂದಿ ಬೀಳುತ್ತದೆ, ಪೈರು ಕೆಡುತ್ತದೆ ಎಂದು ಅಲ್ಲಿಯ ರೈತರು ವರ್ಷಗಟ್ಟಲೆ ಗೋಳಿಟ್ಟರು. ನಮ್ಮ ಬೀದಿಯ ಕಂಬಕ್ಕೆ ಬರುವ ವಿದ್ಯುತ್ತು ಅಲ್ಲಿಯದೋ, ವಾರಾಹಿಯದೋ, ಮತ್ತೆಲ್ಲಿಯದೋ ಯಾರೂ ಬೇರ್ಪಡಿಸಿ ಹೇಳಲಾರರು. ಎಲ್ಲವೂ ಒಂದೇ ಜಾಲದಲ್ಲಿ ಕೂಡಿಹೋಗುತ್ತದೆ. ಆದರೆ ನಿರ್ಜನ ಬೀದಿಯಲ್ಲಿ ಬೇಕಿಲ್ಲದೆ ಉರಿಯುವ ದೀಪ ಯಾರೋ ಒಬ್ಬರ ಅಂಗಳಕ್ಕೆ ಹೊಗೆ ಕಳುಹಿಸುತ್ತಿರುತ್ತದೆ ಎಂಬುದಂತೂ ನಿಜ. ಹಾಗಾಗಿ 'ದೀಪ ಇರಲಿ ಬಿಡಿ, ಎಷ್ಟಾದೀತು' ಎಂಬ ಉದಾರತೆ ನನಗೆ ಉದಾರತೆಯಾಗಿ ಕಾಣುವುದಿಲ್ಲ. ಇನ್ನೊಬ್ಬನ ಕೊಪ್ಪರಿಗೆಯಿಂದ ದಾನ ಮಾಡಿದ ಹಾಗೆ ಅದು.

ಮಿತವ್ಯಯದ ಬಗೆಗೂ ಒಂದು ಎಚ್ಚರಿಕೆ ಇದೆ. ಉಗಿಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಬಳಸಲು ಕಲಿತಂತೆ ಕಲ್ಲಿದ್ದಲಿನ ಒಟ್ಟು ಖರ್ಚು ಹೆಚ್ಚಿತೇ ಹೊರತು ತಗ್ಗಲಿಲ್ಲ ಎಂದು ಜೆವೊನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞ 1865ರಲ್ಲಿಯೇ ತೋರಿಸಿದ್ದ. ದೀಪದ ಕಥೆಯೂ ಅದೇ. ಎಲ್‌ಇಡಿ ವ್ಯಾಪಕವಾಗಿ ಹರಡುತ್ತಿದ್ದ 2012ರಿಂದ 2016ರವರೆಗಿನ ಅವಧಿಯಲ್ಲಿ ಭೂಮಿಯ ಮೇಲೆ ರಾತ್ರಿ ಬೆಳಗುವ ಪ್ರದೇಶ ವರ್ಷಕ್ಕೆ ನೂರಕ್ಕೆ 2.2ರಂತೆ ಬೆಳೆಯಿತೆಂದು ಉಪಗ್ರಹದಿಂದ ಅಳೆದವರು ಹೇಳಿದರು. ಅಗ್ಗವಾದ ಬೆಳಕನ್ನು ನಾವು ಉಳಿಸಲಿಲ್ಲ, ಚೆಲ್ಲಿದೆವು. ನಗರದ ಜಾಹೀರಾತು ಫಲಕಗಳನ್ನು ನೋಡಿದರೆ ಸಾಕ್ಷ್ಯ ಬೇರೆ ಬೇಡ.

ಹಾಗಾದರೆ ನಾನು ಆರಿಸುವವರ ಪಕ್ಷವೋ, ಉರಿಸುವವರ ಪಕ್ಷವೋ? ಉತ್ತರಕ್ಕೆ ನನ್ನ ಬಾಲ್ಯಕ್ಕೆ ಹೋಗಬೇಕು. ನಮ್ಮ ಹಳ್ಳಿಮನೆಗೆ ಆಗ ವಿದ್ಯುತ್ತು ಬಂದಿರಲಿಲ್ಲ. ಸೀಮೆಎಣ್ಣೆ ಅಳೆದು ಬಳಸುವ ದಿನಗಳು. ಊಟವಾಗಿ ಪಾತ್ರೆ ತೊಳೆದಾದ ಮೇಲೆ ಅಮ್ಮ ಒಂದೊಂದೇ ಚಿಮಿಣಿಯನ್ನು ಊದಿ ಆರಿಸುತ್ತ ಬರುತ್ತಿದ್ದಳು. ಆ ವಿಷಯದಲ್ಲಿ ಅವಳಿಗೆ ಕರುಣೆಯೇ ಇರಲಿಲ್ಲ. ನಾವು ಪುಸ್ತಕ ಹಿಡಿದಿದ್ದರೂ ಆರಿಸುತ್ತಿದ್ದಳು. ಆದರೆ ಅಣ್ಣ ಆಟ ನೋಡಲು ಹೋದ ರಾತ್ರಿಗಳಲ್ಲಿ, ಅಪ್ಪ ಪೇಟೆಯಿಂದ ಬರುವುದು ತಡವಾದ ರಾತ್ರಿಗಳಲ್ಲಿ, ಜಗಲಿಯ ಲಾಟೀನನ್ನು ಅವಳು ಊದುತ್ತಿರಲಿಲ್ಲ. ಕಿವಿ ತಿರುಗಿಸಿ ಬತ್ತಿಯನ್ನು ಇಳಿಸುತ್ತಿದ್ದಳು. ಗಾಜಿನೊಳಗೆ ಒಂದು ಸಣ್ಣ ಹಳದಿ ಅಂಚು ಮಾತ್ರ ಉಳಿಯುವಷ್ಟು. ಆ ಬೆಳಕಿನಲ್ಲಿ ಯಾವ ಕೆಲಸವನ್ನೂ ಮಾಡಲಾಗದು. ಜಗಲಿಯಲ್ಲಿ ಅದನ್ನು ಬಳಸುವವರೂ ಯಾರೂ ಇರುತ್ತಿರಲಿಲ್ಲ. ಅದು ಇದ್ದದ್ದು ಗದ್ದೆಯ ಆಚೆಗಿನ ಏರಿಯ ಮೇಲೆ ಬರುತ್ತಿರುವವನಿಗಾಗಿ. ಬಂದವನು ಕಾಲು ತೊಳೆಯುವಾಗ ಬತ್ತಿಯನ್ನು ಏರಿಸಿಕೊಳ್ಳುತ್ತಿದ್ದ.

ಇಂದಿನ ಎಂಜಿನಿಯರರು ಹೇಳುವ ಹೊಂದಿಕೊಳ್ಳುವ ದೀಪ ಇದೇ ಅಲ್ಲವೆ? ಎಣ್ಣೆ ಉಳಿಯಿತು, ಮನೆ ಕಾಣುತ್ತಲೂ ಇತ್ತು. ಅಮ್ಮ ಉಳಿಸಿದ್ದು ಎಣ್ಣೆಯನ್ನು. 'ಬಂದಮೇಲೆ ನೋಡೋಣ' ಎಂದು ಅವಳು ಹೇಳಲಿಲ್ಲ.

ಇಲ್ಲಿಗೆ ವಿಷಯದ ಗಂಟು ಸಿಕ್ಕಿತೆಂದು ನನಗೆ ತೋರುತ್ತದೆ. ಬೀದಿದೀಪ ಕಾಲಡಿಯ ಹೊಂಡವನ್ನು ತೋರಿಸುವುದಕ್ಕೆ ಮಾತ್ರ ಇರುವುದಲ್ಲ. (ನಮ್ಮ ಊರಿನ ಹೊಂಡಗಳಿಗೆ ಆ ಕೆಲಸವೇ ಸಾಕಷ್ಟಿದೆ, ಇರಲಿ.) ಬೀದಿಯ ಬಾಯಲ್ಲಿ ನಿಂತು ಈ ದಾರಿಯಲ್ಲಿ ಹೋಗಲೇ ಬೇಡವೇ ಎಂದು ಯೋಚಿಸುವವಳಿಗೆ ಅದು ಉತ್ತರ ಕೊಡಬೇಕು. ವೆನ್‌ಲಾಕ್ ಆಸ್ಪತ್ರೆಯ ಕಡೆಯಿಂದ ರಾತ್ರಿಯ ಪಾಳಿ ಮುಗಿಸಿ ಬರುವ ದಾದಿ, ಬೆಳಗಿನ ನಾಲ್ಕಕ್ಕೆ ಬುಟ್ಟಿ ಹಿಡಿದು ದಕ್ಕೆಯ ಮೀನಿಗೆ ಹೊರಟ ಮೊಗವೀರ ಹೆಂಗಸು, ಈ ಪುರವಣಿಯನ್ನು ನಿಮ್ಮ ಬಾಗಿಲಿಗೆ ಎಸೆದುಹೋದ ಹುಡುಗ, ಇವರೆಲ್ಲ ತಿರುವಿನಲ್ಲಿ ಒಂದು ಕ್ಷಣ ನಿಂತು ಮುಂದೆ ನೋಡುತ್ತಾರೆ. ಕಂಬದ ಬುಡದಲ್ಲಿ ಅವರು ಇನ್ನೂ ಇಲ್ಲ. ಸೆನ್ಸರಿನ ಮಟ್ಟಿಗೆ ಅವರು ಎಲ್ಲಿಯೂ ಇಲ್ಲ. ಕತ್ತಲೆಯೊಳಗೆ ಹತ್ತು ಹೆಜ್ಜೆ ಇಟ್ಟರೆ ದೀಪ ಹೊತ್ತುವುದು ಖಂಡಿತ. ಆ ಹತ್ತು ಹೆಜ್ಜೆಯನ್ನು ಇಡುವ ಧೈರ್ಯ ಯಾರ ಖರ್ಚು? ಅದಕ್ಕೆ ಮೀಟರು ಇಲ್ಲ. ಮತ್ತೂ ಒಂದು ಮಾತು: ಹೊತ್ತುವ ದೀಪ ಬೀದಿಯನ್ನು ಅವಳಿಗೆ ತೋರಿಸುವ ಹಾಗೆಯೇ ಅವಳನ್ನು ಬೀದಿಗೆ ತೋರಿಸುತ್ತದೆ. ಸುತ್ತೆಲ್ಲ ಕತ್ತಲೆಯಿದ್ದು ತನ್ನೊಬ್ಬಳ ಮೇಲೆ ಬೆಳಕು ಬೀಳುತ್ತ ಕಂಬದಿಂದ ಕಂಬಕ್ಕೆ ಅದು ಹಿಂಬಾಲಿಸುವುದು ಯಕ್ಷಗಾನದ ವೇಷಕ್ಕೆ ಸರಿಯಾದೀತು.

ಇಂಥ ದೀಪಗಳಿಗೆ ಎಣಿಸುವ ಶಕ್ತಿಯೂ ಇದೆ. ಯಾವ ಬೀದಿಯಲ್ಲಿ ಎಷ್ಟು ಜನ ಬಂದರು ಎಂದು ಅವು ವರದಿ ಕಳುಹಿಸಬಲ್ಲವು. ಇಲ್ಲಿ ಬರುವವರು ಕಡಿಮೆ, ಇನ್ನೂ ಇಳಿಸಬಹುದು ಎಂದು ಕಚೇರಿಯಲ್ಲಿ ಕುಳಿತವರು ತೀರ್ಮಾನಿಸಿದರೆ ಅವರ ತಪ್ಪೇನಿಲ್ಲ. ಅಂಕಿಗಳು ಹಾಗೆಯೇ ಹೇಳುತ್ತವೆ. ಕತ್ತಲೆಯೆಂದು ಬಾರದೆ ಹೋದವರ ಅಂಕಿ ಮಾತ್ರ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಹೀಗೆ ಕತ್ತಲೆ ತನ್ನ ಪರವಾಗಿ ತಾನೇ ಸಾಕ್ಷಿ ಹೇಳಿ ಗೆಲ್ಲುತ್ತದೆ.

ನಿಂತವರ ಮಾತು ಇನ್ನೊಂದು. ಬೀದಿದೀಪದ ಕೆಳಗೆ ಕುಳಿತು ಓದಿ ದೊಡ್ಡವರಾದವರ ಕಥೆಗಳನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಎಷ್ಟು ನಿಜವೋ, ಎಷ್ಟು ಬಣ್ಣವೋ. ಆದರೆ ಇಂದಿನ ದೀಪದ ಕೆಳಗೆ ಆ ಹುಡುಗರು ಪುಟಕ್ಕೊಮ್ಮೆ ಎದ್ದು ಕುಪ್ಪಳಿಸಬೇಕಾಗುತ್ತಿತ್ತು. ಸಾಮಾನ್ಯವಾಗಿ ಬಳಸುವ ಸೆನ್ಸರ್ ಅರಿಯುವುದು ಮೈಯ ಬಿಸಿ ಸ್ಥಳ ಬದಲಾಯಿಸುವುದನ್ನು. ಅಲುಗದೆ ಕುಳಿತವನೂ ಗೋಡೆಯೂ ಅದಕ್ಕೆ ಹೆಚ್ಚುಕಡಮೆ ಒಂದೇ. ಬಸ್ಸಿಗೆ ಕಾಯುವವರು, ಅಂಗಡಿಯ ಮುಂಗಟ್ಟಿನಲ್ಲಿ ಮಲಗಿದ ಕೂಲಿಯಾಳು, ದಮ್ಮಿನವರು ಏರು ಹತ್ತುತ್ತ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುವುದು, ಇವು ಯಾವುವೂ ಸಂಚಾರವಲ್ಲ. ಸಂಚಾರವಿಲ್ಲದ ಬಾಳೂ ಬೀದಿಯಲ್ಲಿ ನಡೆಯುತ್ತದೆ.

ಹಂಪನಕಟ್ಟೆಗೆ ಆ ಹೆಸರು ಹೇಗೆ ಬಂತೆಂದು ಹಿರಿಯರು ಒಂದು ಕಥೆ ಹೇಳುತ್ತಾರೆ. ಅಲ್ಲಿ ಅಪ್ಪಣ್ಣ ಎಂಬ ಮುದುಕನೊಬ್ಬ ಕಟ್ಟೆಯ ಮೇಲೆ ಕುಳಿತು ದಾರಿಹೋಕರಿಗೆ ಬಾವಿಯ ನೀರು ಸೇದಿ ಕೊಡುತ್ತಿದ್ದನಂತೆ. ಅಪ್ಪಣ್ಣನ ಕಟ್ಟೆ ಹಂಪನಕಟ್ಟೆಯಾಯಿತಂತೆ. 2021ರಲ್ಲಿ ಅಲ್ಲಿಯ ರಸ್ತೆ ಅಗೆಯುವಾಗ ಹಳೆಯ ಬಾವಿಯೊಂದು ನಿಜವಾಗಿಯೂ ಕಾಣಿಸಿಕೊಂಡಿತು. ಇದೇ ಅಪ್ಪಣ್ಣನ ಬಾವಿಯೋ ಅಲ್ಲವೋ, ನನಗೆ ಆ ಮುದುಕನ ಮೇಲೆ ಒಂದು ಪ್ರಶ್ನೆಯಿದೆ: ಯಾರೂ ಬಾರದ ಹೊತ್ತಿನಲ್ಲಿ ಅವನು ಏನು ಮಾಡುತ್ತಿದ್ದ? ನೀರನ್ನಂತೂ ಸೇದಿ ಚೆಲ್ಲುತ್ತಿರಲಿಲ್ಲ. ಆದರೆ ಎದ್ದೂ ಹೋಗುತ್ತಿರಲಿಲ್ಲ. ಕೊಡದಲ್ಲಿ ಸ್ವಲ್ಪ ನೀರು ಇಟ್ಟುಕೊಂಡು ಕುಳಿತಿರುತ್ತಿದ್ದನೆಂದೇ ನಾನು ಊಹಿಸುತ್ತೇನೆ. ಸಂವಿಧಾನದ 74ನೆಯ ತಿದ್ದುಪಡಿಯಿಂದ 1992ರಲ್ಲಿ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ಬೀದಿದೀಪವನ್ನು ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯಗಳ ಜೊತೆಗೆ ಒಂದೇ ಸಾಲಿನಲ್ಲಿ ಬರೆದಿದ್ದಾರೆ. ಆ ಸಾಲಿನವೆಲ್ಲ ಅಪ್ಪಣ್ಣನ ಕೊಡದ ಜಾತಿಯವು; ಬರಬಹುದಾದವರಿಗಾಗಿ ಇರುವಂಥವು.

ಹಂಪನಕಟ್ಟೆಯಿಂದ ಮೇಲಕ್ಕೆ ಹತ್ತಿದರೆ ಲೈಟ್‌ಹೌಸ್ ಹಿಲ್. ಅಲ್ಲಿಯ ಹಳೆಯ ಗೋಪುರಕ್ಕೆ ಈಗ ಕಡಲಿನ ಕೆಲಸವಿಲ್ಲ. ಆದರೆ ಕರಾವಳಿಯಲ್ಲಿ ದೀಪಸ್ತಂಭಗಳು ಇಂದಿಗೂ ಬೆಳಗುತ್ತಿವೆ, ಕಾಪುವಿನದು 1901ರದು. ಹಡಗು ಬಂದರೆ ಮಾತ್ರ ಹೊತ್ತುವ ದೀಪಸ್ತಂಭವನ್ನು ಯಾರೂ ಕಟ್ಟುವುದಿಲ್ಲ. ಹಾಗೆಂದು ದೀಪಸ್ತಂಭ ದುಂದುಗಾರನೆ? ಬೆಳಕನ್ನು ಮಿತವಾಗಿ ಬಳಸುವ ವಿದ್ಯೆಯಲ್ಲಿ ಅದಕ್ಕೆ ಸಮನಾದ ಗುರುವಿಲ್ಲ. ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿ 1820ರ ದಶಕದಲ್ಲಿ ಗಾಜಿನ ಬಳೆಗಳನ್ನು ಜೋಡಿಸಿ ಮಸೂರ ಮಾಡಿದ. ಆಕಾಶಕ್ಕೂ ನೆಲಕ್ಕೂ ಸುಮ್ಮನೆ ಹೋಗುತ್ತಿದ್ದ ಬೆಳಕೆಲ್ಲ ಒಟ್ಟಾಗಿ ಕಡಲಿನ ಕಡೆಗೆ ತಿರುಗಿತು. ಅದೇ ಎಣ್ಣೆ, ಎಷ್ಟೋ ಪಾಲು ದೂರದ ಬೆಳಕು.

ಉಳಿತಾಯದಲ್ಲಿ ಹೀಗೆ ಎರಡು ಬಗೆ. ಬೆಳಕು ಬೇಡದ ಕಡೆ ಹೋಗದಂತೆ ನೋಡಿಕೊಳ್ಳುವುದು ಒಂದು. ಬೇಕಾದವನು ತನ್ನನ್ನು ರುಜುವಾತು ಪಡಿಸುವ ತನಕ ಕಾಯುವುದು ಇನ್ನೊಂದು. ಮೊದಲನೆಯದನ್ನು ನಾವು ಇನ್ನೂ ಸರಿಯಾಗಿ ಮಾಡಿಯೇ ಇಲ್ಲ. ಎಷ್ಟೋ ಕಡೆ ಕಂಬದ ಬೆಳಕು ತೆಂಗಿನ ಗರಿಗೂ ಮಹಡಿಯ ಮಲಗುವ ಕೋಣೆಗೂ ಹೋಗುತ್ತಿದೆ. ನಿಜವಾಗಿ ಕತ್ತಲೆ ಸಲ್ಲಬೇಕಾದ ಜಾಗಗಳೂ ಇವೆ. 2024ರ ಮೊದಲ ತಿಂಗಳುಗಳಲ್ಲಿ ಸಸಿಹಿತ್ಲಿನ ಕಡಲ ತೀರದಲ್ಲಿ ಆಲಿವ್ ರಿಡ್ಲಿ ಆಮೆಗಳ ಮೊಟ್ಟೆಗಳು ಸಿಕ್ಕಿದವು. ಮರಿಗಳು ನೀರಿನ ಹೊಳಪನ್ನು ನಂಬಿ ಕಡಲಿಗೆ ನಡೆಯುತ್ತವೆ. ದಡದ ಮೇಲೆ ಅದಕ್ಕಿಂತ ಹೊಳೆಯುವ ದೀಪವಿದ್ದರೆ ಊರಿನ ಕಡೆಗೆ ತಿರುಗಿ ಸಾಯುತ್ತವೆ. ಅಲ್ಲಿ ದೀಪಕ್ಕೆ ಮರೆ ಕಟ್ಟಬೇಕು, ಮರಿ ಹೊರಡುವ ಕಾಲದಲ್ಲಿ ಆರಿಸಲೂ ಬೇಕು. ಆ ಮರಿಗಳಿಗೆ ಕೊಡೆ ಬೀಸಲು ಬರುವುದಿಲ್ಲ.

ಬೆಳಕು ತಗ್ಗಿದರೆ ಅಪಘಾತ, ಅಪರಾಧ ಹೆಚ್ಚುವುದಿಲ್ಲವೇ ಎಂದು ಯಾರಾದರೂ ಕೇಳಿಯಾರು. ಇಂಗ್ಲೆಂಡ್ ಮತ್ತು ವೇಲ್ಸಿನ 62 ಸ್ಥಳೀಯ ಆಡಳಿತಗಳ ಅಂಕಿಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ದೀಪ ತಗ್ಗಿಸಿದ್ದರಿಂದಾಗಲಿ ಆರಿಸಿದ್ದರಿಂದಾಗಲಿ ಅವು ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ. ಮರುವರ್ಷ ನ್ಯೂಯಾರ್ಕಿನ ಬಡವರ ವಸತಿಗಳಲ್ಲಿ ಚೀಟಿ ಎತ್ತಿದಂತೆ ಆರಿಸಿ ಕೆಲವಕ್ಕೆ ಮಾತ್ರ ಹೆಚ್ಚಿನ ದೀಪ ಹಾಕಿ ನೋಡಿದಾಗ ರಾತ್ರಿಯ ಹೊರಾಂಗಣದ ಘೋರ ಅಪರಾಧಗಳು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಊರು ಬೇರೆ, ಉತ್ತರ ಬೇರೆ. ನನಗೆ ಇದರಿಂದ ತಿಳಿಯುವುದು ಇಷ್ಟೆ: ಎಲ್ಲ ಬೀದಿಗೂ ಒಂದೇ ಅಳತೆಗೋಲು ಹಿಡಿಯುವವರನ್ನು ನಂಬಬೇಡಿ. ಇದಲ್ಲದೆ ಇಳಿಸಿದ ಬೆಳಕು ನಾವು ಹೆದರುವಷ್ಟು ಕತ್ತಲೆಯೂ ಅಲ್ಲ. ನಮ್ಮ ದೇಶದ 1970ರ ಸಂಹಿತೆ ಚಿಕ್ಕ ಬೀದಿಗಳಿಗೆ ಸರಾಸರಿ 4 ಲಕ್ಸ್ ಬೆಳಕು ಸಾಕೆಂದು ಗೊತ್ತುಮಾಡಿತ್ತು. ಅದರ ನೂರಕ್ಕೆ ಮೂವತ್ತು ಎಂದರೆ 1.2 ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸಿನ ಆಸುಪಾಸು. ಐದು ಹುಣ್ಣಿಮೆಗಳ ಬೆಳಕಿನಲ್ಲಿ ನಡೆಯಲಾರದವರಲ್ಲ ನಾವು. ಕಣ್ಣಿನ ಸ್ವಭಾವವೂ ಇದಕ್ಕೆ ಸಹಾಯಕ. ಬೆಳಕು ಅರ್ಧವಾದರೆ ಅದಕ್ಕೆ ಅರ್ಧ ಕಡಮೆಯಾದಂತೆ ತೋರುವುದಿಲ್ಲ.

ಹಾಗಾಗಿ ಇಳಿಸಲಿ. ಹನ್ನೊಂದರ ಮೇಲೆ ಇಳಿಸಲಿ, ದಕ್ಕೆಯ ದಾರಿಯಲ್ಲಿ ನಾಲ್ಕಕ್ಕೇ ಏರಿಸಲಿ, ಮಳೆಗಾಲದ ಕಪ್ಪು ಸಂಜೆಗಳಲ್ಲಿ ಗಡಿಯಾರ ನೋಡದೆ ಮೊದಲೇ ಹೊತ್ತಿಸಲಿ. ಸೆನ್ಸರ್ ಹಾಕುವುದಾದರೆ ಹಾಕಲಿ. ಬಂದವರಿಗೆ ಬತ್ತಿ ಏರಿಸುವ ಕೆಲಸ ಅದಕ್ಕಿರಲಿ. ಆ ಕೊನೆಯ ಮೂವತ್ತನ್ನು ಮಾತ್ರ ಮುಟ್ಟಬಾರದು. ಅದರ ಬೆಲೆ ಕಂಬಕ್ಕೆ ರಾತ್ರಿಗೆ ಒಂದು ರೂಪಾಯಿ ಐದು ಪೈಸೆ ಎಂದು ಆಗಲೇ ನೋಡಿದೆವು. ನಗರ ಅದನ್ನು ವಿದ್ಯುತ್ತಿನ ಖರ್ಚೆಂದು ಬರೆದುಕೊಳ್ಳಬೇಕಾಗಿಲ್ಲ. ಅದಕ್ಕೆ ಬೇರೆ ಕಲಮು ಹುಡುಕಲಿ.

ಮೊನ್ನೆ ಮತ್ತೆ ಆ ಗೆಳೆಯರ ಮನೆಗೆ ಹೋಗಿದ್ದೆ. ಹೊರಡುವಾಗ ರಾತ್ರಿಯಾಗಿತ್ತು. ಈ ಸಲ ಗೇಟಿನ ದೀಪ ಆರದೆ ಉರಿಯುತ್ತಿತ್ತು. ಸರಿಪಡಿಸಿದರೆಂದು ಸಂತೋಷಪಟ್ಟೆ. ಹತ್ತಿರ ಹೋಗಿ ನೋಡಿದರೆ ಕಾವಲುಗಾರರು ಕುರ್ಚಿಯನ್ನು ಕಂಬದ ಬುಡಕ್ಕೆ ಎಳೆದುಕೊಂಡು ಪತ್ರಿಕೆ ಓದುತ್ತಿದ್ದರು. ಮೊಣಕಾಲಿನ ಮೇಲೆ ಹಾಕಿದ ಬಲಗಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ಕುಳಿತು ಕಾಲು ಅಲ್ಲಾಡಿಸಿದರೆ ದರಿದ್ರವೆಂದು ನನ್ನನ್ನು ಚಿಕ್ಕಂದಿನಲ್ಲಿ ಎಷ್ಟು ಬೈದಿದ್ದರೋ. ನಾನು ಅವರ ಕಾಲನ್ನೇ ನೋಡುತ್ತಿರುವುದು ಅವರಿಗೆ ತಿಳಿಯಿತು.

"ಪೇಪರು ಮುಗಿಯುವವರೆಗೆ ಮಾತ್ರ" ಎಂದರು.